ಒಂದು ಒರಳುಕಲ್ಲು, ಹಲವು ಮಾಧ್ಯಮ: ಕಲಾ ಕಾಲೇಜಿನ ಮೊದಲ ವರ್ಷ ಹೀಗೆ ಕಲಿಯಿರಿ

ಕಲಾ ಕಾಲೇಜಿಗೆ ಸೇರಿದ ಮೊದಲ ವಾರವೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಯಾವುದು ತಗೋತೀಯ? ಪೇಂಟಿಂಗಾ, ಶಿಲ್ಪಾನಾ, ಗ್ರಾಫಿಕ್ಸಾ, ಅಪ್ಲೈಡಾ?" (ಅಪ್ಲೈಡ್ ಅಂದರೆ ಜಾಹೀರಾತು, ವಿನ್ಯಾಸದಂಥ ಕೆಲಸಕ್ಕೆ ಬಳಸುವ ಕಲೆ.) ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಕೇಳುತ್ತಾರೆ. ಊರಿಗೆ ಹೋದರೆ ಸೋದರಮಾವ ಕೇಳುತ್ತಾರೆ. ಉತ್ತರ ಗೊತ್ತಿಲ್ಲದವರಿಗೆ ಒಳಗೊಳಗೇ ಅಳುಕು ಶುರುವಾಗುತ್ತದೆ. ಈ ಲೇಖನ ಅಂಥವರಿಗೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿರಲಿ, ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾ ಇರಲಿ, ದೃಶ್ಯಕಲಾ ಪದವಿ, ಅಂದರೆ ಬಿವಿಎ, ಸಾಮಾನ್ಯವಾಗಿ 4 ವರ್ಷದ ಓದು. ಮೊದಲ ವರ್ಷವನ್ನು ಫೌಂಡೇಶನ್ ಅನ್ನುತ್ತಾರೆ. ಪೆನ್ಸಿಲ್, ಬಣ್ಣ, ಮಣ್ಣು, ಮುದ್ರಣ ಎಲ್ಲದಕ್ಕೂ ಆಗ ಕೈ ಹಾಕಬಹುದು. ಆಮೇಲೆ ಒಂದು ವಿಭಾಗ ಆರಿಸಿಕೊಳ್ಳಬೇಕು. ಆದರೆ ತುಂಬಾ ಮಕ್ಕಳು ಆ ವರ್ಷವನ್ನು ಸುಮ್ನೆ ಅಸೈನ್‌ಮೆಂಟ್ ಮುಗಿಸುವುದರಲ್ಲೇ ಕಳೆದುಬಿಡುತ್ತಾರೆ. ಸೋಮವಾರ ಒಂದು ಹೂಜಿ, ಬುಧವಾರ ಒಂದು ಎಲೆ, ಶುಕ್ರವಾರ ಪ್ಲಾಸ್ಟರಿನ ಮೂಗು. ಒಂದಕ್ಕೂ ಇನ್ನೊಂದಕ್ಕೂ ನಂಟೇ ಇರುವುದಿಲ್ಲ.

ನಾನು ಓದುವಾಗ ನಮ್ಮ ಮೇಷ್ಟ್ರೊಬ್ಬರು ಬೇರೆ ದಾರಿ ಹೇಳಿಕೊಟ್ಟರು. "ಒಂದೇ ವಸ್ತು ಹಿಡ್ಕೋ. ಅದನ್ನೇ ಎಲ್ಲ ಮಾಧ್ಯಮದಲ್ಲೂ ಮಾಡು. ಕೊನೇಗೆ ನಿಂಗೇ ಗೊತ್ತಾಗುತ್ತೆ." ನಾನು ಹಿಡಿದದ್ದು ನಮ್ಮ ಹಿತ್ತಲಿನ ಒರಳುಕಲ್ಲನ್ನು. ಗ್ರೈಂಡರ್ ಬಂದ ಮೇಲೆ ಅದನ್ನು ತೆಂಗಿನ ಮರದ ಬುಡಕ್ಕೆ ಉರುಳಿಸಿದ್ದರು. ಮಳೆಗಾಲದಲ್ಲಿ ಅದರ ಗುಳಿಯಲ್ಲಿ ನೀರು ನಿಲ್ಲುತ್ತಿತ್ತು. ಆ ಕಲ್ಲಿನಿಂದ ನಾನು ಕಲಿತದ್ದು ಬಹಳ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ವಸ್ತುವನ್ನು ಆರಿಸಿ

ಕಾಲೇಜು ಶುರುವಾಗುವ ಮುಂಚೆಯೇ ಈ ಕೆಲಸ ಮುಗಿಸಿ. ಮನೆಯಲ್ಲೋ ಬೀದಿಯಲ್ಲೋ ದಿನಾ ಕಣ್ಣಿಗೆ ಬೀಳುವ ವಸ್ತುವಾಗಿರಲಿ. ಮುಟ್ಟಿ ನೋಡುವಂತಿರಬೇಕು. ಆಕಾರ ಸರಳವಾಗಿರಬೇಕು. ಬಳಸಿ ಬಳಸಿ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆ ಕೊಡ, ಅಜ್ಜನ ಚಪ್ಪಲಿ, ಈಳಿಗೆಮಣೆ, ಸೈಕಲ್ಲಿನ ಸೀಟು, ಯಾವುದಾದರೂ ಆದೀತು. ಬುದ್ಧನ ಮುಖ, ಓಡುವ ಕುದುರೆ ಬೇಡ. ಅವುಗಳ ಚಿತ್ರವನ್ನು ನಾವು ಅಷ್ಟೊಂದು ನೋಡಿಬಿಟ್ಟಿದ್ದೇವೆ, ಎದುರಿಗಿರುವುದನ್ನು ನೋಡುವ ಬದಲು ನೆನಪಿನಲ್ಲಿರುವುದನ್ನೇ ಬರೆಯುತ್ತೇವೆ.

ಪ್ರವೇಶ ಪರೀಕ್ಷೆಗೂ ಇದು ನೆರವಾಗುತ್ತದೆ. ಪರೀಕ್ಷೆಯ ವಿಧಾನ ಕಾಲೇಜಿನಿಂದ ಕಾಲೇಜಿಗೆ ಬೇರೆ. ಆದರೂ ಎದುರಿಗಿಟ್ಟ ವಸ್ತು ನೋಡಿ ಬರೆಯುವುದು, ನೆನಪಿನಿಂದ ಒಂದು ಸನ್ನಿವೇಶ ಬರೆಯುವುದು, ಇವೆರಡು ಸಾಮಾನ್ಯ. ಒಂದೇ ವಸ್ತುವನ್ನು 40 ಸಲ ಬರೆದವರಿಗೆ ಎರಡೂ ಕಷ್ಟವಾಗುವುದಿಲ್ಲ.

ಪೆನ್ಸಿಲ್ ಮತ್ತು ಇದ್ದಿಲು

ಶುರುವಿನಲ್ಲೇ ದುಬಾರಿ ಸಾಮಾನು ಕೊಳ್ಳಬೇಡಿ. 2ಬಿ, 4ಬಿ, 6ಬಿ ಪೆನ್ಸಿಲ್, ಒಂದಿಷ್ಟು ಇದ್ದಿಲ ಕಡ್ಡಿ, ಹಿಟ್ಟಿನಂತೆ ನಾದಬಹುದಾದ ರಬ್ಬರ್, ಕಾರ್ಟ್ರಿಜ್ ಕಾಗದ, ಇಷ್ಟು ಸಾಕು. ಕಾಗದ ಹಾಫ್ ಇಂಪೀರಿಯಲ್ ಇರಲಿ, ಅಂದರೆ ಸುಮಾರು 15 ಇಂಚು ಅಗಲ, 22 ಇಂಚು ಉದ್ದ. ಸಣ್ಣ ಕಾಗದದಲ್ಲಿ ಬೆರಳಷ್ಟೇ ಆಡುತ್ತದೆ. ದೊಡ್ಡದರಲ್ಲಿ ಭುಜ ಆಡುತ್ತದೆ. ಬೋರ್ಡನ್ನು ನಿಲ್ಲಿಸಿ, ನೀವೂ ನಿಂತು ಬರೆಯಿರಿ.

ಮೊದಲ ದಿನ ಗೆರೆ ಮಾತ್ರ. ಎರಡನೇ ದಿನ ನೆರಳು ಮಾತ್ರ, ಗೆರೆ ಬೇಡ. ಮೂರನೇ ದಿನ ಕಾಗದ ಪೂರ್ತಿ ಇದ್ದಿಲು ಬಳಿದು, ರಬ್ಬರಿನಿಂದ ಬೆಳಕನ್ನು ಎತ್ತಿ ತೆಗೆಯಿರಿ. ಒರಳಿನ ಗುಳಿಯೊಳಗಿನ ಕತ್ತಲು ನನಗೆ ಕಂಡದ್ದು ಆ ಮೂರನೇ ದಿನ. ಅಲ್ಲಿಯವರೆಗೂ ಗುಳಿ ಅಂದರೆ ಒಂದು ವೃತ್ತ ಅಂತ ಬರೆದಿದ್ದೆ.

ತೂಕ ಕಾಣಿಸುವುದು ಇಲ್ಲಿ ಮುಖ್ಯ. ಕಲ್ಲಿನ ತೂಕ ಕಲ್ಲಿನಲ್ಲಿ ಕಾಣುವುದಿಲ್ಲ, ಅದು ನೆಲಕ್ಕೆ ತಾಗುವ ಜಾಗದಲ್ಲಿ ಕಾಣುತ್ತದೆ. ಅಲ್ಲಿನ ನೆರಳನ್ನು ಗಟ್ಟಿಯಾಗಿ, ಕಪ್ಪಾಗಿ ಹಾಕಿ. ತಾಗುವ ಜಾಗದಿಂದ ದೂರ ಹೋದಂತೆ ತಿಳಿಯಾಗಲಿ.

ಬಣ್ಣ

ಜಲವರ್ಣದಲ್ಲಿ ಕಾಗದದ ಬಿಳಿಯೇ ನಿಮ್ಮ ಬಿಳಿ. ಆದ್ದರಿಂದ ತಿಳಿಯಿಂದ ಕಡುವಿಗೆ ಹೋಗಿ, ಬೆಳಕಿನ ಜಾಗವನ್ನು ಮುಟ್ಟದೆ ಬಿಡಿ. 300 ಜಿಎಸ್‌ಎಮ್‌ನ, ಅಂದರೆ ದಪ್ಪನೆಯ, ಕಾಗದ ಅಷ್ಟಾಗಿ ಸುಕ್ಕಾಗುವುದಿಲ್ಲ. ಪೋಸ್ಟರ್ ಬಣ್ಣ ಹಾಗಲ್ಲ, ಅದು ಅಡಿಯ ಬಣ್ಣವನ್ನು ಮುಚ್ಚುತ್ತದೆ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ಬ್ರಷ್ ಕೂಡಲೇ ತೊಳೆಯದಿದ್ದರೆ ಅದರ ಕಥೆ ಮುಗಿಯಿತು. ತೈಲವರ್ಣ ಒಣಗಲು ದಿನಗಳೇ ಬೇಕು. ಅದರ ಮೊದಲ ಪದರದಲ್ಲಿ ಎಣ್ಣೆ ಕಡಿಮೆ ಇರಲಿ, ಮೇಲಿನ ಪದರಗಳಲ್ಲಿ ಜಾಸ್ತಿ. ತಿರುವುಮುರುವು ಮಾಡಿದರೆ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಬಿಡಿಸಿ ಒಣಹಾಕಿ.

ಒರಳಿಗೆ ಜಲವರ್ಣವೇ ಒಗ್ಗಿತು ಅಂತ ನನ್ನ ಅಭಿಪ್ರಾಯ. ಗುಳಿಯಲ್ಲಿ ನಿಂತ ನೀರು, ಅದರಲ್ಲಿ ಕಾಣುವ ತೆಂಗಿನ ಗರಿ, ಇದನ್ನು ತೈಲವರ್ಣದಲ್ಲಿ ಎರಡು ವಾರ ತಿದ್ದಿದೆ, ಬರಲಿಲ್ಲ. ಜಲವರ್ಣದಲ್ಲಿ ಒಂದು ಮಧ್ಯಾಹ್ನ ಬಂತು.

ಮಣ್ಣು: ಇಲ್ಲಿ ಅವಸರ ಬೇಡ

ನೋಡಿ ಬರೆಯುವಾಗ ವಸ್ತುವಿನ ಹಿಂಭಾಗ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮಣ್ಣಿನಲ್ಲಿ ನಡೆಯುವುದಿಲ್ಲ. ಅದಕ್ಕೇ ಫೌಂಡೇಶನ್ ವರ್ಷದಲ್ಲಿ ನೀವು ಜಾಸ್ತಿ ಹೊತ್ತು ಕಳೆಯಬೇಕಾದ ಜಾಗ ಮಣ್ಣಿನ ತೊಟ್ಟಿಯ ಪಕ್ಕ.

ಜೇಡಿಮಣ್ಣನ್ನು ಚಪಾತಿ ಹಿಟ್ಟಿಗಿಂತ ಚೆನ್ನಾಗಿ ನಾದಿ. ಒಳಗೆ ಗಾಳಿ ಉಳಿಯಬಾರದು, ಕಲ್ಲಿನ ಚೂರಿರಬಾರದು. ವಸ್ತುವಿನ ಒಟ್ಟು ಆಕಾರವನ್ನು ಮೊದಲು ಕಟ್ಟಿ. ಅಲಂಕಾರ, ಗೆರೆ, ಗೀರು ಎಲ್ಲ ಕೊನೆಗೆ. ಪ್ರತಿ 10 ನಿಮಿಷಕ್ಕೊಮ್ಮೆ ಪೀಠ ತಿರುಗಿಸಿ, ಬೇರೆ ಕಡೆಯಿಂದ ನೋಡಿ. ದಿನದ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ.

ಸುಡುವುದಾದರೆ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು. ಸಣ್ಣ ಕೆಲಸಕ್ಕೆ ಗೋಡೆ ಅರ್ಧದಿಂದ ಒಂದು ಇಂಚು ಉಳಿದರೆ ಸಾಕು. ನನ್ನ ಮೊದಲ ಒರಳಿನ ತಳವನ್ನು ಹಾಗೇ ಗಟ್ಟಿಯಾಗಿ ಬಿಟ್ಟಿದ್ದೆ. ಕಲ್ಲು ಅಂದಮೇಲೆ ತೂಕ ಇರಲಿ ಅನ್ನುವ ಆಸೆ. ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿ ಉಳಿದಿತ್ತು. ಗೂಡು ಬಿಸಿಯಾದಾಗ ಆ ನೀರು ಹಬೆಯಾಗಿ, ಹೊರಬರಲು ದಾರಿ ಇಲ್ಲದೆ ಒರಳು ಸಿಡಿಯಿತು. ಪಕ್ಕದಲ್ಲಿದ್ದ ಗೆಳತಿಯ ಕೆಲಸವೂ ಒಡೆಯಿತು. ಆ ಸಂಕಟ ಇವತ್ತಿಗೂ ಇದೆ. ಟೆರ್ರಾಕೋಟಾ ಸುಡುವುದು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ನೀರು ಹಬೆಯಾಗಲು 100 ಡಿಗ್ರಿ ಸಾಕಲ್ವಾ? ಹಾಗಾಗಿ ಶುರುವಿನ ಬಿಸಿ ತುಂಬಾ ನಿಧಾನವಾಗಿ ಏರಬೇಕು. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಎರಡನೇ ಒರಳನ್ನು ರಜೆಯಲ್ಲಿ ಮನೆಗೆ ಒಯ್ದಿದ್ದೆ. ಅಮ್ಮ ಕೈಯಲ್ಲಿ ಹಿಡಿದು ನೋಡಿ, "ಗುಂಡುಕಲ್ಲು ಇಷ್ಟು ಗುಂಡಗಿರಲ್ಲ ಕಣೇ" ಅಂದರು. ಹಿತ್ತಲಿಗೆ ಹೋಗಿ ನೋಡಿದೆ. ಗುಂಡಿನ ತಳ ಒಂದು ಪಕ್ಕಕ್ಕೆ ಸವೆದಿತ್ತು. ಗುಳಿಯೂ ಅದೇ ಪಕ್ಕಕ್ಕೆ ವಾಲಿತ್ತು. ಅಜ್ಜಿ, ಅಮ್ಮ ಇಬ್ಬರೂ ಒಂದೇ ಜಾಗದಲ್ಲಿ ಕೂತು, ಒಂದೇ ಕೈಯಲ್ಲಿ ತಿರುಗಿಸಿದ ಗುರುತು ಅದು. ಅಷ್ಟೊಂದು ಸಲ ಚಿತ್ರ ಬರೆದರೂ ಅದು ನನಗೆ ಕಂಡಿರಲಿಲ್ಲ. ಆದ್ದರಿಂದ ನಿಮ್ಮ ವಸ್ತುವನ್ನು ಬಳಸಿದವರಿಗೆ ನಿಮ್ಮ ಕೆಲಸ ತೋರಿಸಿ. ಕಾಲೇಜಿನಲ್ಲಿ ಕೆಲಸ ನೋಡಿ ಅಂಕ ಕೊಡುವ ಯಾವ ಜೂರಿಯೂ ಹೇಳದ ತಪ್ಪನ್ನು ಅವರು ಹೇಳುತ್ತಾರೆ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ತೆಗೆಯುವವರು ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರಿಗೆ ನೀರು ಸುರಿಯಬಾರದು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಗೆಳೆಯರ ಕೈಯನ್ನು ಅದರಲ್ಲಿ ಹುದುಗಿಸುವ ಆಟ ಬೇಡವೇ ಬೇಡ, ಚರ್ಮ ಸುಡುತ್ತದೆ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನಲ್ಲೇ ಕಲ್ಲಾಗುತ್ತದೆ.

ಲಿನೋಕಟ್

ಗ್ರಾಫಿಕ್ಸ್ ವಿಭಾಗ ಅಂದರೆ ಕಂಪ್ಯೂಟರ್ ಅಂದುಕೊಳ್ಳುವವರೇ ಜಾಸ್ತಿ. ಕಲಾ ಕಾಲೇಜಿನಲ್ಲಿ ಅದು ಮುದ್ರಣಕಲೆ. ಲಿನೋ (ಕೆತ್ತಲು ಬರುವ ಲಿನೋಲಿಯಂ ಹಾಳೆ), ಮರ, ಲೋಹದ ತಗಡು, ಸುಣ್ಣಕಲ್ಲು, ರೇಷ್ಮೆ ಪರದೆ, ಇವುಗಳಿಂದ ಕಾಗದದ ಮೇಲೆ ಅಚ್ಚು ತೆಗೆಯುವುದು.

ಲಿನೋದಿಂದ ಶುರು ಮಾಡಿ. ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಉಳಿಯ ಮುಂದೆ ಇನ್ನೊಂದು ಕೈ ಇಡಬಾರದು, ಯಾವಾಗಲೂ ಹಿಂದೆ. ಕೆತ್ತಿದ್ದು ಬಿಳಿಯಾಗಿ ಉಳಿಯುತ್ತದೆ, ಕೆತ್ತದೆ ಬಿಟ್ಟದ್ದು ಕಪ್ಪಾಗಿ ಮೂಡುತ್ತದೆ. ರೋಲರಿನಲ್ಲಿ ಇಂಕನ್ನು ತೆಳ್ಳಗೆ ಹರಡಿ. ಕಾಗದ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಒಂದೇ ಸಮ ಉಜ್ಜಿ. ಮನೆಯಲ್ಲೂ ಮಾಡಬಹುದು, ಪ್ರೆಸ್ ಬೇಕಿಲ್ಲ.

ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಅಕ್ಷರ ಕೆತ್ತುವುದಾದರೆ ಟ್ರೇಸಿಂಗ್ ಕಾಗದದಲ್ಲಿ ಬರೆದು, ಅದನ್ನು ಮಗುಚಿ ಲಿನೋ ಮೇಲೆ ಇಳಿಸಿಕೊಳ್ಳಿ. 10 ಪ್ರತಿ ತೆಗೆದರೆ ಕೆಳಗೆ ಪೆನ್ಸಿಲಿನಲ್ಲಿ 1/10, 2/10 ಅಂತ ನಮೂದಿಸಿ, ಪಕ್ಕದಲ್ಲಿ ಸಹಿ ಹಾಕಿ.

ನಮ್ಮೂರಿನ ಬೀದಿಯಲ್ಲಿ ಒರಳು ಕುಟ್ಟಿಕೊಡುವವರು ಬರುತ್ತಿದ್ದರು. ನುಣುಪಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಏಟು ಹಾಕಿ ಮತ್ತೆ ಒರಟು ಮಾಡಿಕೊಡುತ್ತಿದ್ದರು. ಆ ಚುಕ್ಕಿಗಳನ್ನು ಪೆನ್ಸಿಲಿನಲ್ಲಿ ಬರೆಯುವಾಗ ಅದು ಬರೀ ಮೈವಳಿಕೆ, ಅಂದರೆ ಮೇಲ್ಮೈಯ ಒರಟುತನ, ಆಗಿತ್ತು. ಲಿನೋದಲ್ಲಿ ನನ್ನ ಕೈಯಲ್ಲೂ ಉಳಿ ಇತ್ತು. ಅವರು ಕಲ್ಲಿಗೆ ಮಾಡಿದ್ದನ್ನೇ ನಾನು ಲಿನೋಗೆ ಮಾಡುತ್ತಿದ್ದೆ. ನನ್ನ ಒರಳಿನ ಕೆಲಸಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಆ ಅಚ್ಚು.

ಮುಂದೆ ತಗಡಿನ ಮೇಲೆ ಎಚಿಂಗ್, ಅಂದರೆ ಆಮ್ಲದಿಂದ ಗೆರೆ ಕೊರೆಯುವ ಕೆಲಸ, ಮಾಡುವಾಗ ಒಂದು ನಿಯಮ ಮರೆಯಬೇಡಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಕೈಗವಸು, ಕನ್ನಡಕ ಇಲ್ಲದೆ ಆ ಕೋಣೆಗೆ ಹೋಗಬೇಡಿ. ಕಿಟಕಿ ತೆರೆದಿರಲಿ.

ಮೊಬೈಲಿನಲ್ಲಿ ಒಂದು ನಿಮಿಷ

ವಿಡಿಯೊವನ್ನೂ ಬಿಡಬೇಡಿ. ಮೊಬೈಲನ್ನು ಅಲುಗದಂತೆ ಇಟ್ಟು, ಒಂದೇ ಚೌಕಟ್ಟಿನಲ್ಲಿ ಒಂದು ನಿಮಿಷ ತೆಗೆಯಿರಿ. ಎಡಿಟಿಂಗ್, ಹಾಡು ಬೇಡ. ಅಮ್ಮನ ಹತ್ತಿರ ಒಂದು ಹಿಡಿ ಅಕ್ಕಿ ರುಬ್ಬಿಸಿ ನಾನು ತೆಗೆದೆ. ಗುಂಡು ತಿರುಗುವ ಗರಗರ ಸದ್ದು, ಹಿಟ್ಟು ನುಣ್ಣಗಾದಂತೆ ಬದಲಾಗುತ್ತಾ ಹೋಯಿತು. ಕಾಗದ, ಮಣ್ಣು, ಲಿನೋ ಮೂರೂ ಹಿಡಿಯಲಾಗದ್ದು ಅದು.

ಹೊರಗೆ ಹೋಗಿ ನೋಡಿ

ವಸ್ತು ಮಾಧ್ಯಮವನ್ನು ಹೇಗೆ ಕೇಳುತ್ತದೆ, ಮಾಧ್ಯಮ ಕೈಯನ್ನು ಹೇಗೆ ಬಗ್ಗಿಸುತ್ತದೆ ಅಂತ ನಮ್ಮ ನಾಡಿನಲ್ಲೇ ನೋಡಬಹುದು. ಬೇಲೂರು, ಹಳೇಬೀಡಿನ ಶಿಲ್ಪಿಗಳಿಗೆ ಸಿಕ್ಕಿದ್ದು ಮೆತ್ತನೆಯ ಬಳಪದ ಕಲ್ಲು. ಅದಕ್ಕೇ ಅಲ್ಲಿ ಒಡವೆಯ ಮಣಿ ಮಣಿಯನ್ನೂ ಬಿಡಿಸಲು ಆಯಿತು. ಹಂಪಿಯದು ಗ್ರಾನೈಟ್. ಅಲ್ಲಿನ ಉಗ್ರನರಸಿಂಹ ಗಾತ್ರದಿಂದ, ದುಂಡು ಮೈಕಟ್ಟಿನಿಂದ ಮಾತಾಡುತ್ತಾನೆ.

ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು, ವೀಣೆಯನ್ನೂ ನುಡಿಸಿದರು. ಉಡುಪಿ ಕಡೆಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಕಥಕ್ ಕಲಿತರು. ಅವರ ರೇಖೆಗಳಲ್ಲಿ ಆ ಲಯ ಕಾಣುತ್ತದೆ. ಬಂಗಾಳದ ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರ ಕಣ್ಣು 1950ರ ದಶಕದಲ್ಲಿ ಪೂರ್ತಿ ಹೋಯಿತು. ಅವರು ಕೆಲಸ ನಿಲ್ಲಿಸಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಸಣ್ಣ ಶಿಲ್ಪ ಮಾಡಿದರು. ಬೆಂಗಳೂರಿನಲ್ಲಿದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ತಿಂಗಳಿಗೊಮ್ಮೆ ಹೋಗಿ. ಒಂದು ದಿನಕ್ಕೆ ಮೂರು ಕೃತಿ ನೋಡಿದರೆ ಸಾಕು.

ಆರಿಸುವ ದಿನ

ವರ್ಷದ ಕೊನೆಗೆ ಎಲ್ಲ ಕೆಲಸವನ್ನೂ ನೆಲದ ಮೇಲೆ ಹರಡಿ. ಪ್ರತಿ ಕೆಲಸದ ಹಿಂದೆ ತಾರೀಖು, ಹಿಡಿದ ಸಮಯ ಬರೆದಿರಲಿ. ಯಾವುದು ಚೆನ್ನಾಗಿದೆ ಅಂತ ನೋಡಬೇಡಿ. ಯಾವುದು ಕೆಟ್ಟಾಗಲೂ ಮತ್ತೆ ಮಾಡಲು ಮನಸ್ಸಾಯಿತು ಅಂತ ನೋಡಿ. ನನಗೆ ಮೂರು ಸಲ ಕೆಟ್ಟ ಲಿನೋವನ್ನು ನಾಲ್ಕನೇ ಸಲ ಕೆತ್ತುವುದು ಬೇಜಾರಾಗಲಿಲ್ಲ. ಗ್ರಾಫಿಕ್ಸ್ ತೆಗೆದುಕೊಂಡೆ. ಅಪ್ಲೈಡ್ ಆರ್ಟ್ ಓದಿದರೆ ಕೆಲಸ ಬೇಗ ಸಿಗುತ್ತದೆ ಅನ್ನುವ ಮನೆಯವರ ಮಾತಿನಲ್ಲೂ ನ್ಯಾಯವಿದೆ, ಅದನ್ನು ಕೂತು ಮಾತಾಡಿ. ಆದರೆ ನೆಲದ ಮೇಲೆ ಹರಡಿದ ಕೆಲಸವನ್ನು ಅವರಿಗೂ ತೋರಿಸಿ ಮಾತಾಡಿ.

ಒಂದು ವಿಭಾಗ ಆರಿಸಿದಿರಿ ಅಂತ ಉಳಿದ ಬಾಗಿಲು ಮುಚ್ಚುವುದಿಲ್ಲ. ಸಂಜೆ ಕ್ಲಾಸು ಮುಗಿದ ಮೇಲೆ ಬೇರೆ ವಿಭಾಗಕ್ಕೆ ಹೋಗಿ, ಮೇಷ್ಟ್ರನ್ನು ಕೇಳಿ ಅನುಮತಿ ಪಡೆಯಿರಿ. ಅಲ್ಲಿ ವರ್ಷಗಟ್ಟಲೆ ಗೂಡು ಹಚ್ಚಿದ, ಪ್ರೆಸ್ ನೋಡಿಕೊಂಡ ಸಹಾಯಕರು ಇರುತ್ತಾರೆ. ಅವರಿಗೆ ನಮಸ್ಕಾರ ಹೇಳಿ, ನೆಲ ಗುಡಿಸಲು ಕೈ ಜೋಡಿಸಿ. ಪ್ರೆಸ್ಸಿನ ಚಕ್ರ ತಿರುಗಿಸುವ ಮುಂಚೆ ಉಣ್ಣೆಯ ಹಾಸು ಸರಿಯಾಗಿ ಬಿದ್ದಿದೆಯಾ ಅಂತ ಅವರನ್ನೇ ಕೇಳಿ.