ಕೇರ್ ಆಫ್ 56 ಎಪಿಒ: ಯೋಧನಿಗೆ ಹಬ್ಬದ ಡಬ್ಬಿ ಕಳಿಸುವುದು ಹೀಗೆ

ದೀಪಾವಳಿಗೆ ಗಡಿಯಲ್ಲಿರುವ ಮಗನಿಗೋ ತಮ್ಮನಿಗೋ ತಿಂಡಿ ಕಳಿಸಬೇಕೇ? ಒಲೆ ಹಚ್ಚುವ ಮೊದಲು ಒಂದು ಫೋನ್ ಮಾಡಿ. ಹಬ್ಬದ ಹೊತ್ತಿಗೆ ಅವರು ಘಟಕದಲ್ಲೇ ಇರುತ್ತಾರೋ, ರಜೆಗೋ ಕೋರ್ಸಿಗೋ ಹೊರಡುತ್ತಾರೋ ಕೇಳಿಕೊಳ್ಳಿ. ವಿಳಾಸವನ್ನೂ ಹೊಸದಾಗಿ ಬರೆದುಕೊಳ್ಳಿ. ಹೋದ ವರ್ಷದ ಚೀಟಿ ನೆಚ್ಚಿಕೊಂಡರೆ ಚಕ್ಕುಲಿ ತಿಂಗಳುಗಟ್ಟಲೆ ಊರೂರು ಸುತ್ತಿ ಮನೆಗೇ ವಾಪಸ್ ಬಂದೀತು.

ವಿಳಾಸ

ಸೇವಾ ಸಂಖ್ಯೆ, ರ್‍ಯಾಂಕ್, ಹೆಸರು, ಕಂಪನಿ, ಘಟಕ, ಆಮೇಲೆ ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ, ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್. ಅಷ್ಟೇ. ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ. ಲೇಹ್, ತವಾಂಗ್ ಎಂದು ಊರಿನ ಹೆಸರು ಸೇರಿಸಬೇಡಿ. ಘಟಕ ಎಲ್ಲಿದೆ ಎಂಬುದು ಹೊರಗೆ ಗೊತ್ತಾಗಬಾರದು, ಘಟಕ ಜಾಗ ಬದಲಿಸಿದರೂ ಅಂಚೆ ಅದರ ಬೆನ್ನು ಹತ್ತಿ ಹೋಗಬೇಕು; ಈ ವ್ಯವಸ್ಥೆ ಇರುವುದೇ ಅದಕ್ಕೆ. 56 ಎಪಿಒ ಟಪಾಲು ದೆಹಲಿಯ ಸೇನಾ ಅಂಚೆ ಕೇಂದ್ರದಲ್ಲಿ, 99 ಎಪಿಒ ಟಪಾಲು ಕೋಲ್ಕತ್ತದಲ್ಲಿ ವಿಂಗಡಣೆಯಾಗುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆದರೆ ಸಾಲದು, ಇಂಗ್ಲಿಷ್ ದೊಡ್ಡಕ್ಷರ ಬೇಕು. ಅದೇ ವಿಳಾಸದ ಇನ್ನೊಂದು ಚೀಟಿ ಪೆಟ್ಟಿಗೆಯ ಒಳಗಿರಲಿ. ಮಳೆಯಲ್ಲಿ ಹೊರಗಿನ ಶಾಯಿ ಅಳಿಸಿಹೋದರೆ ಅದೇ ಗತಿ.

ನೌಕಾಪಡೆಯವರಾದರೆ ಹಡಗಿನ ಹೆಸರು, ಕೇರ್ ಆಫ್ ಫ್ಲೀಟ್ ಮೇಲ್ ಆಫೀಸ್, ಅದು ಮುಂಬೈಯೋ ಕೊಚ್ಚಿಯೋ ವಿಶಾಖಪಟ್ಟಣವೋ ಅವರನ್ನೇ ಕೇಳಿ. ಹಡಗು ಸಮುದ್ರದಲ್ಲಿದ್ದರೆ ಪೊಟ್ಟಣ ಕಾಯಬೇಕಾಗುತ್ತದೆ.

ಏನು ಕಳಿಸಬೇಕು

ಪೊಟ್ಟಣ ಕೈಸೇರಲು ಮೂರು ವಾರ ಹಿಡಿದೀತು ಎಂದೇ ಎಣಿಸಿ. ಹೋಳಿಗೆ, ಬೆಳಗಾವಿ ಕುಂದಾ, ಹಸಿ ತೆಂಗಿನಕಾಯಿ ಸೇರಿದ್ದೆಲ್ಲ ಇಲ್ಲಿಗೇ ಹೊರಗುಳಿದವು. ಧಾರವಾಡ ಪೇಢೆಗೂ ಅಷ್ಟು ದಿನದ ತಾಳಿಕೆ ಇಲ್ಲ. ಉಳಿಯುವುದು ಗೋಕಾಕದ ಕರದಂಟು, ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಖಡಕ್ ರೊಟ್ಟಿ. ಕರಿಯಲು ಹೊಸ ಎಣ್ಣೆಯನ್ನೇ ಬಳಸಿ, ಒಮ್ಮೆ ಕಾಯಿಸಿದ ಎಣ್ಣೆಯದು ಬೇಗ ಕಮಟು ವಾಸನೆ ಹಿಡಿಯುತ್ತದೆ. ಪೂರ್ತಿ ಆರಿದ ಮೇಲೇ ತುಂಬಿ. ಬಿಸಿ ಹಬೆ ಒಳಗೆ ಸಿಕ್ಕಿಬಿದ್ದರೆ ಚಕ್ಕುಲಿ ಮೆತ್ತಗಾಗುವುದು ಖಂಡಿತ.

ಒಬ್ಬರಿಗೆಂದು ಕಳಿಸಿದ್ದನ್ನು ಒಬ್ಬರೇ ತಿನ್ನುವುದಿಲ್ಲ. ಪದಾತಿದಳದ ಒಂದು ಸೆಕ್ಷನ್ ಎಂದರೆ ಸುಮಾರು 10 ಜನ. ಚಕ್ಕುಲಿ 1 ಕಿಲೊ, ಕರದಂಟು 1 ಕಿಲೊ, ರೊಟ್ಟಿ 20, ಶೇಂಗಾ ಚಟ್ನಿಪುಡಿ ಅರ್ಧ ಕಿಲೊ ಇದ್ದರೆ ಎಲ್ಲರಿಗೂ ರುಚಿ ಸಿಕ್ಕೀತು. ಒಗ್ಗರಣೆ ಹಾಕಿ ಹುರಿದ ಉಪ್ಪಿಟ್ಟಿನ ರವೆಯೂ ಒಳ್ಳೆಯದು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆಕಾಳು ಬೇಯಿಸುವುದೇ ಗೋಳು.

ತಿಂಡಿಯ ಜೊತೆಗೆ ಗಾಢ ಬಣ್ಣದ ಉಣ್ಣೆ ಕಾಲುಚೀಲ, ತುಟಿಗೆ ಹಚ್ಚುವ ಮುಲಾಮು, ಇಸ್ಪೀಟು ಕಟ್ಟು, ಮಕ್ಕಳು ಬರೆದ ಚಿತ್ರ ಇಡಬಹುದು. ದಪ್ಪ ಕೋಟು, ಬೂಟು ಬೇಡ, ಸೇನೆಯೇ ಕೊಡುತ್ತದೆ. ಕೊಬ್ಬರಿ ಎಣ್ಣೆ ದಾರಿಯಲ್ಲಿ ಸೋರುತ್ತದೆ. ಸೋರದೆ ತಲುಪಿದರೂ ಚಳಿಗೆ ಗಟ್ಟಿಯಾಗಿ ಬಾಟಲಿಯ ಕತ್ತು ದಾಟುವುದಿಲ್ಲ. ಪಟಾಕಿ, ಬೆಂಕಿಪೊಟ್ಟಣ, ಲೈಟರ್, ಸೆಂಟಿನ ಸ್ಪ್ರೇ, ಪವರ್ ಬ್ಯಾಂಕ್ ಇಡಲೇಬೇಡಿ. ಒಂದು ಪತ್ತೆಯಾದರೂ ಇಡೀ ಪೊಟ್ಟಣ ನಿಲ್ಲುತ್ತದೆ.

ಕಟ್ಟುವುದು

ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್ ಎತ್ತರಕ್ಕೆ ಹೋದಂತೆ ಉಬ್ಬಿ ಒಡೆದೀತು. ಮನೆಯ ತಿಂಡಿಯನ್ನೂ ಗಾಳಿ ಒತ್ತಿ ತೆಗೆದು, ಎರಡು ಕವರಿನಲ್ಲಿ ಕಟ್ಟಿ, ಗಟ್ಟಿ ಡಬ್ಬಿಗೆ ಹಾಕಿ. ರೊಟ್ಟಿಗೆ ಅದರ ಅಗಲಕ್ಕೇ ಸರಿಹೊಂದುವ ದುಂಡು ಡಬ್ಬಿ ಬೇಕು, ಅಲುಗಾಡಲು ಜಾಗವಿದ್ದರೆ ಪುಡಿಯೇ ಗತಿ. ಸೋಪು, ಊದುಬತ್ತಿಯನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟಿರೋ, ಕರದಂಟು ಗಂಧದ ಘಮ ಹೊಡೆಯುತ್ತದೆ! ಐದು ಪದರದ ರಟ್ಟಿನ ಪೆಟ್ಟಿಗೆ ತಂದು, ಸಂದುಗಳಿಗೆ ಹಳೆಯ ಪತ್ರಿಕೆ ತುರುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಇನ್ನೂ ತುರುಕಿ. ಮೇಲೆ ಬಿಳಿ ಬಟ್ಟೆ ಸುತ್ತಿ ಹೊಲಿಯುವ ಹಳೆಯ ಪದ್ಧತಿ ಈಗಲೂ ಟೇಪಿಗಿಂತ ಭದ್ರ. ಆದರೆ ಅಂಚೆ ಕೌಂಟರಿನಲ್ಲಿ ಒಳಗೇನಿದೆ ಎಂದು ಕೇಳಬಹುದು, ಕೊನೆಯ ಹೊಲಿಗೆ ಅಲ್ಲೇ ಹಾಕಿ.

ಕಳಿಸುವುದು

ಖಾಸಗಿ ಕೊರಿಯರ್‌ಗಳು ಎಪಿಒ ವಿಳಾಸಕ್ಕೆ ಮುಟ್ಟಿಸುವುದಿಲ್ಲ. ಭಾರತೀಯ ಅಂಚೆಯೊಂದೇ ದಾರಿ. ಹಬ್ಬಕ್ಕೆ ನಾಲ್ಕು ವಾರ ಮುಂಚೆ ಹಾಕಿ. ಲಡಾಖ್ ಕಡೆಗಾದರೆ ಇನ್ನೂ ಬೇಗ, ಚಳಿಗಾಲ ಬಲಿತ ಮೇಲೆ ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆಯ ಜೋಜಿಲಾ ಕಣಿವೆಮಾರ್ಗ ಹಿಮದಲ್ಲಿ ಮುಚ್ಚಿಹೋಗುತ್ತದೆ. ಪೊಟ್ಟಣದ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಉತ್ಸಾಹ ಬೇಡ, ಅದರಲ್ಲಿ ಸೇವಾ ಸಂಖ್ಯೆಯೂ ಘಟಕವೂ ಇರುತ್ತವೆ. ಸೇನಾ ಅಂಚೆಯ ಕೈಸೇರಿದ ಮೇಲೆ ಟ್ರ್ಯಾಕಿಂಗ್ ಅಲ್ಲೇ ನಿಂತಂತೆ ಕಂಡರೆ ಗಾಬರಿಯಾಗಬೇಡಿ. "ಬಂತು" ಎಂಬ ಫೋನ್ ಬರುವವರೆಗೆ ರಸೀದಿ ಎಸೆಯಬೇಡಿ. ದೂರು ಕೊಡಬೇಕಾಗಿ ಬಂದರೆ ಅದರ ಸಂಖ್ಯೆಯನ್ನೇ ಮೊದಲು ಕೇಳುತ್ತಾರೆ.