ಕೀನ್ಯಾದಲ್ಲಿ ಜಾಗ ಕೊಳ್ಳುವ ಮುಂಚೆ ಅಲ್ಲಿನ ಸಂವಿಧಾನ ನೋಡಿ

ಪರ್ಮಿಟ್, ಎಂಪೆಸಾ ಅನ್ನುವ ಮೊಬೈಲ್ ಹಣ, ಮಕ್ಕಳ ಸ್ಕೂಲು ಇವನ್ನೆಲ್ಲ ನೈರೋಬಿಯಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಜಾಗದ ವಿಷಯ ಮಾತ್ರ ನಮ್ಮವರಿಗೆ ದುಡ್ಡು ಕೊಟ್ಟ ಮೇಲೇ ಗೊತ್ತಾಗುತ್ತದೆ.

ಕೀನ್ಯಾದ ಪ್ರಜೆ ಅಲ್ಲದವರಿಗೆ ಅಲ್ಲಿ ನೆಲ ಗುತ್ತಿಗೆಗೆ ಮಾತ್ರ ಸಿಗುತ್ತದೆ, ಅದೂ ಹೆಚ್ಚೆಂದರೆ 99 ವರ್ಷ. ಪತ್ರದಲ್ಲಿ ಫ್ರೀಹೋಲ್ಡ್ (ಅವಧಿ ಇಲ್ಲದ ಪೂರ್ತಿ ಒಡೆತನ) ಅಂತಿರಲಿ, 999 ವರ್ಷ ಅಂತಿರಲಿ, ನಿಮ್ಮ ಹೆಸರಿಗೆ ಬಂದರೆ 99 ವರ್ಷದ ಗುತ್ತಿಗೆ ಅಷ್ಟೇ. ಇದು ಸಂವಿಧಾನದ 65ನೇ ವಿಧಿ.

"ಕಂಪನಿ ಹೆಸರಲ್ಲಿ ತಗೊಳ್ಳಿ" ಅಂತ ಬ್ರೋಕರ್ ಹೇಳುತ್ತಾನೆ. ನಂಬಬೇಡಿ. ಅಷ್ಟೂ ಷೇರು ಕೀನ್ಯಾ ಪ್ರಜೆಗಳದ್ದಾದರೆ ಮಾತ್ರ ಅದನ್ನು ಅಲ್ಲಿನ ಕಂಪನಿ ಅಂತ ಪರಿಗಣಿಸುತ್ತಾರೆ. ನಿಮ್ಮದು ಒಂದೇ ಷೇರಿದ್ದರೂ ಈ 99 ವರ್ಷದ ಮಿತಿ ತಪ್ಪಲ್ಲ. ಟ್ರಸ್ಟ್ ಹೆಸರಲ್ಲಿ ತಗೊಂಡರೂ ಇದೇ ಲೆಕ್ಕ.

ಕೃಷಿ ಜಮೀನು ಇನ್ನೂ ಬಿಗಿ. ಕೃಷಿ ಜಮೀನಿನ ವ್ಯವಹಾರ ನೋಡುವ ಲ್ಯಾಂಡ್ ಕಂಟ್ರೋಲ್ ಬೋರ್ಡಿನ ಒಪ್ಪಿಗೆ ಇಲ್ಲದ ಕರಾರು ಊರ್ಜಿತವಲ್ಲ. ಪ್ರಜೆ ಅಲ್ಲದವರಿಗೆ ಬೋರ್ಡು ಒಪ್ಪಿಗೆ ಕೊಡುವಂತೆಯೇ ಇಲ್ಲ. ವಿನಾಯಿತಿ ಬೇಕಾದರೆ ರಾಷ್ಟ್ರಾಧ್ಯಕ್ಷರೇ ಕೊಡಬೇಕು. ದಾವಣಗೆರೆ ಕಡೆಯ ದಂಪತಿ ಥಿಕಾ ಹತ್ತಿರ ಒಂದೆಕರೆಗೆ ಅಡ್ವಾನ್ಸ್ ಕೊಟ್ಟಿದ್ದರು. "ಒಪ್ಪಿಗೆ ಮುಂದಿನ ತಿಂಗಳು ಬರುತ್ತೆ" ಅಂತ ಮಾರುವವರು ಹೇಳುತ್ತಲೇ ಹೋದರು. ಬರಲು ಸಾಧ್ಯವೇ ಇರಲಿಲ್ಲ. ಕೊಟ್ಟ ದುಡ್ಡಲ್ಲಿ ಅರ್ಧ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು. ಅಡ್ವಾನ್ಸಿಗೆ ಮುಂಚೆ ನಿಮ್ಮದೇ ವಕೀಲರಿಂದ ಭೂ ದಾಖಲೆ ತೆಗೆಸಿ. ಗುತ್ತಿಗೆಯಲ್ಲಿ ಇನ್ನೆಷ್ಟು ವರ್ಷ ಬಾಕಿ ಇದೆ ಅಂತ ಕೇಳಿ.

ಇದು ಅನ್ಯಾಯ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಒಳ್ಳೆಯ ಜಮೀನೆಲ್ಲ ಬಿಳಿಯರಿಗೆ ಮೀಸಲಿತ್ತು. ಅದನ್ನು ಕಂಡ ಜನ ನೆಲದ ವಿಷಯದಲ್ಲಿ ಹುಷಾರಾಗಿದ್ದಾರೆ, ತಪ್ಪೇನು? 2010ರ ಆಗಸ್ಟ್ 4ರಂದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಈ ಸಂವಿಧಾನಕ್ಕೆ ಹೌದು ಅಂದರು. ನಮ್ಮ ಸಂವಿಧಾನ ಜನರ ನೇರ ಮತಕ್ಕೆ ಹೋಗಲಿಲ್ಲ. ಈ ಒಂದು ವಿಷಯದಲ್ಲಿ ಕೀನ್ಯಾದ ದಾರಿಯೇ ಮೇಲು ಅಂತ ನನಗನ್ನಿಸುತ್ತದೆ.

ಕೀನ್ಯಾದ ಸಂವಿಧಾನ ತಿದ್ದುವುದೂ ಸುಲಭವಲ್ಲ. ಉಹುರು ಕೆನ್ಯಾಟಾ ರಾಷ್ಟ್ರಾಧ್ಯಕ್ಷರಾಗಿದ್ದಾಗ ವಿರೋಧ ಪಕ್ಷದ ನಾಯಕರಾಗಿದ್ದ ರೈಲಾ ಒಡಿಂಗಾ ಜೊತೆ ಸೇರಿ ದೊಡ್ಡ ತಿದ್ದುಪಡಿಗೆ ಕೈ ಹಾಕಿದರು. 2021ರಲ್ಲಿ ಹೈಕೋರ್ಟ್ ತಡೆಯಿತು. ಆಗ ಆಧಾರವಾಗಿ ಬಂದದ್ದು ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದ ಮೂಲ ರಚನೆಯ ತತ್ವ, ಅಂದರೆ ಸಂವಿಧಾನದ ಬುಡವನ್ನೇ ತಿದ್ದುಪಡಿಯಿಂದ ಬದಲಿಸುವಂತಿಲ್ಲ ಅನ್ನುವುದು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತತ್ವ ಕೀನ್ಯಾಕ್ಕೆ ಅನ್ವಯಿಸಲ್ಲ ಅಂದಿತು. ಆದರೂ ಜನರೇ ಸಹಿ ಹಾಕಿ ಮುಂದಿಡಬೇಕಾದ ತಿದ್ದುಪಡಿಯನ್ನು ರಾಷ್ಟ್ರಾಧ್ಯಕ್ಷರು ಶುರು ಮಾಡುವಂತಿಲ್ಲ ಅಂತ ಹೇಳಿ ಮಸೂದೆಯನ್ನು ಬೀಳಿಸಿತು.

ಆದ್ದರಿಂದ "ಕಾನೂನು ಬದಲಾಗುತ್ತೆ, ಈಗಲೇ ಹಿಡಿದುಬಿಡಿ" ಅನ್ನುವವರ ಕೈಗೆ ಒಂದು ಶಿಲ್ಲಿಂಗೂ ಕೊಡಬೇಡಿ.