ಮಂಜು ಹಿಡಿದ ಅಕ್ರಿಲಿಕ್ ಅಂಚು ಗಾಜಿನಂತಾಯಿತು

ಅಪ್ಪನ ಫೋಟೋಗೆ ಸ್ಟ್ಯಾಂಡ್ ಮಾಡಲು 5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಳೆಯನ್ನು ಗರಗಸದಿಂದ ಕೊಯ್ದೆ. ಅಂಚೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ತುಂಬಾ ಬೇಜಾರಾಯಿತು.

ಅದರ ಮೇಲೆ ಒಂದು ಹನಿ ನೀರು ಸವರಿದೆ. ತಟ್ಟನೆ ತಿಳಿಯಾಯಿತು! ಅಂದರೆ ಪ್ಲಾಸ್ಟಿಕ್ ಒಳಗೆ ಕೆಟ್ಟಿಲ್ಲ, ಮೇಲಿನ ಗೀರುಗಳಲ್ಲಿ ಬೆಳಕು ಚದುರುತ್ತಿದೆ, ಅಷ್ಟೇ. ಉಜ್ಜುವ ಮುಂಚೆ ಈ ಪರೀಕ್ಷೆ ಖಂಡಿತ ಮಾಡಿ.

ಹಾರ್ಡ್‌ವೇರ್ ಅಂಗಡಿಯಿಂದ 400, 600, 800, 1200, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್; ನಂಬರ್ ಹೆಚ್ಚಿದಷ್ಟೂ ನಯ) ತಂದೆ. ಚಪ್ಪಟೆ ಮರದ ತುಂಡಿಗೆ ಸುತ್ತಿ, ಸೋಪಿನ ನೀರು ಹಾಕುತ್ತಾ ಚಿಕ್ಕ ನಂಬರಿನಿಂದ ದೊಡ್ಡದಕ್ಕೆ ಒಂದೊಂದಾಗಿ ಉಜ್ಜಿದೆ. ಒಣಗಿದ್ದಾಗ ಉಜ್ಜಿದರೆ ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಪುಡಿ ಅಂಟಿಕೊಳ್ಳುತ್ತದೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಬೇಕು. ಹಳೆಯ ಗೀರು ಪೂರ್ತಿ ಹೋಯಿತಾ ಅಂತ ಆಗಲೇ ಗೊತ್ತಾಗುವುದು. ನಾನು ಮೊದಲ ಸಲ 400ರಿಂದ ಸೀದಾ 1200ಕ್ಕೆ ಹಾರಿದ್ದೆ. ಎಷ್ಟು ಉಜ್ಜಿದರೂ ಆಳದ ಗೀರು ಹೋಗಲಿಲ್ಲ, ಮತ್ತೆ 600ರಿಂದ ಶುರು ಮಾಡಬೇಕಾಯಿತು. ನಡುನಡುವೆ ತೊಳೆಯಿರಿ, ದಪ್ಪ ಪುಡಿಯ ಒಂದು ಕಣ ಉಳಿದರೂ ಕೆಲಸ ಹಾಳು.

ಕೊನೆಗೆ ಮೆತ್ತನೆಯ ಹತ್ತಿ ಬಟ್ಟೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಹತ್ತು ನಿಮಿಷ ಉಜ್ಜಿದೆ. ಅಂಚು ಮಿನುಗಿತು.

ಒರೆಸಲು ಸ್ಪಿರಿಟ್, ಸ್ಯಾನಿಟೈಸರ್ ಮಾತ್ರ ಬೇಡ. ಇನ್ನೊಂದು ತುಂಡನ್ನು ಸ್ಯಾನಿಟೈಸರಿನಿಂದ ಒರೆಸಿದ್ದೆ, ಅಂಚಿನ ತುಂಬ ಕೂದಲೆಳೆಯಂಥ ಬಿರುಕು ಬಿಟ್ಟವು. ಅಕ್ರಿಲಿಕ್‌ಗೆ ಆಲ್ಕೋಹಾಲ್ ಆಗುವುದಿಲ್ಲ. ಸೋಪಿನ ನೀರೇ ಸಾಕು.